ಒಂಬತ್ತು ತಿಂಗಳ ಪಡಿತರ

ಹಸಿದು ಬಂದವನ ಊರುಕೇರಿಯನ್ನು ವಿಚಾರಿಸದೆ ಮೊದಲು ಉಣಬಡಿಸಬೇಕೆಂಬುದು ನಮ್ಮಲ್ಲಿ ಬೆಳೆದುಬಂದ ರೂಢಿ. ಆದರೆ ಹಸಿದವರು ಲಕ್ಷಗಟ್ಟಲೆಯಾದಾಗ ಲೆಕ್ಕವಿಲ್ಲದೆ ಬಡಿಸುವುದು ಸಾಧ್ಯವೆ? ಯಾರಿಗೆ ಪಡಿತರ, ಯಾರಿಗಿಲ್ಲ ಎಂದು ಬರೆದಿಡುವ ದಫ್ತರವೊಂದು ಬೇಕಾಗುತ್ತದೆ. ಪ್ಯಾಲೆಸ್ತೀನಿನ ಜನರ ಚರಿತ್ರೆಯಲ್ಲಿ ಈ ದಫ್ತರಕ್ಕೆ ವಿಶೇಷವಾದ ಸ್ಥಾನವಿದೆ.

1948ರ ಯುದ್ಧದಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿ ಅರಬರು ಮನೆಮಾರುಗಳನ್ನು ಕಳೆದುಕೊಂಡರು. ಕಡಲ ದಂಡೆಯ ಗಾಜಾ ಎಂಬ ಕಿರುಪ್ರದೇಶದ ಮೂಲನಿವಾಸಿಗಳು ಸುಮಾರು 80,000. ಓಡಿಬಂದು ಸೇರಿದವರು ಸುಮಾರು ಎರಡು ಲಕ್ಷ. ಆ ವರ್ಷದ ನವೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆ ಪರಿಹಾರದ ನಿರ್ಣಯವನ್ನು ಕೈಗೊಂಡಿತು. ಐದು ಲಕ್ಷ ನಿರಾಶ್ರಿತರಿಗೆ 2 ಕೋಟಿ 95 ಲಕ್ಷ ಡಾಲರು ಬೇಕೆಂದು ಅಂದಾಜಾಯಿತು. ಅವಧಿ ಒಂಬತ್ತು ತಿಂಗಳು. 1949ರ ಆಗಸ್ಟ್ 31ಕ್ಕೆ ಮುಕ್ತಾಯ!

ಗಾಜಾದ ಹೊಣೆ ಅಮೆರಿಕದ ಕ್ವೇಕರ್ ಪಂಥದವರ ಸೇವಾಸಂಸ್ಥೆಗೆ ಬಂದಿತು. ಯುದ್ಧವನ್ನೇ ಒಪ್ಪದ ಪಂಥ ಅದು. ಈ ಸಂಸ್ಥೆಗೂ ಬ್ರಿಟನ್ನಿನಲ್ಲಿದ್ದ ಸೋದರ ಸಂಸ್ಥೆಗೂ 1947ರ ನೊಬೆಲ್ ಶಾಂತಿ ಪಾರಿತೋಷಕ ಸಂದಿತ್ತು. ಇವರು ಹಿಟ್ಟು ಹಂಚಿದರು, ಡೇರೆಗಳಲ್ಲಿ ಶಾಲೆ ತೆರೆದರು. ಆದರೆ ಅವರನ್ನು ಕಾಡಿದ ಪ್ರಶ್ನೆಯೊಂದಿತ್ತು. ಗಾಜಾದ ರೈತರಲ್ಲಿ ಹಲವರ ಹೊಲಗಳು ಕದನವಿರಾಮದ ಗೆರೆಯ ಆಚೆಗೆ ಉಳಿದುಹೋಗಿದ್ದವು. ಮನೆ ಇದೆ, ದುಡಿಯಲು ನೆಲವಿಲ್ಲ. ಮನೆ ಇರುವವನು ನಿರಾಶ್ರಿತನಲ್ಲವಾದ್ದರಿಂದ ನಿಯಮದಂತೆ ಅವನಿಗೆ ಪಡಿತರವೂ ಇಲ್ಲ. ಹಸಿವು ಮಾತ್ರ ಇಬ್ಬರದೂ ಒಂದೇ.

ಕೇವಲ ಪರಿಹಾರವನ್ನೇ ಲಂಬಿಸುತ್ತ ಹೋದರೆ ಜನರ ಸ್ಥೈರ್ಯ ಕುಂದುವುದೆಂದೂ ರಾಜಕೀಯ ಇತ್ಯರ್ಥ ಹಿಂದೆ ಬೀಳುವುದೆಂದೂ ಕ್ವೇಕರರು ಎಚ್ಚರಿಸಿದರು. 1950ರ ಏಪ್ರಿಲ್ ಕೊನೆಗೆ ಅವರು ಹೊಣೆಯಿಂದ ಬಿಡುಗಡೆ ಹೊಂದಿದರು. ಮೇ 1ರಿಂದ ವಿಶ್ವಸಂಸ್ಥೆಯ ಹೊಸ ಪರಿಹಾರ ಸಂಸ್ಥೆ ಕಾರ್ಯಾರಂಭ ಮಾಡಿತು. ಮನೆ, ಜೀವನೋಪಾಯ ಎರಡನ್ನೂ ಕಳೆದುಕೊಂಡವನೇ ನಿರಾಶ್ರಿತನೆಂಬುದು ಅದರ ಸೂತ್ರ. ಆ ಸಂಸ್ಥೆಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಮಕ್ಕಳು, ಮೊಮ್ಮಕ್ಕಳು ಸೇರಿ ಇಂದು ಅದರ ದಫ್ತರದಲ್ಲಿ ಸುಮಾರು 59 ಲಕ್ಷ ಹೆಸರುಗಳಿವೆ. ಹಿಟ್ಟಿಗಾಗಿ ಬರೆಸಿದ ಹೆಸರು ಕಳೆದುಹೋದ ಊರಿಗೆ ಸಾಕ್ಷಿಯೂ ಆಯಿತು.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಮಡಿದರು. ತರುವಾಯದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಅಸುನೀಗಿದರು. ಅದೇ ಅಕ್ಟೋಬರ್ 22ರಂದು ಭಾರತದ ವಿಮಾನವೊಂದು ಗಾಜಾದ ಜನರಿಗಾಗಿ ಸುಮಾರು ಆರೂವರೆ ಟನ್ ಔಷಧೋಪಕರಣಗಳನ್ನೂ 32 ಟನ್ ಪರಿಹಾರ ಸಾಮಗ್ರಿಯನ್ನೂ ಹೊತ್ತು ಈಜಿಪ್ಟಿಗೆ ಹೊರಟಿತು. ಆದರೆ ನೆರವು ಗಡಿಯವರೆಗೆ ಬಂದರೆ ಸಾಲದು, ಒಳಗೆ ಹೋಗಬೇಕು. 2025ರ ಮಾರ್ಚ್ 2ರಿಂದ ಹನ್ನೊಂದು ವಾರಗಳ ಕಾಲ ಇಸ್ರೇಲು ಎಲ್ಲ ಸಾಮಗ್ರಿಯನ್ನೂ ತಡೆಹಿಡಿಯಿತು. ಆಗಸ್ಟ್ 22ರಂದು ಗಾಜಾ ನಗರದ ಪ್ರಾಂತದಲ್ಲಿ ಕ್ಷಾಮ ನೆಲೆಸಿದೆಯೆಂದು ತಜ್ಞರು ದೃಢಪಡಿಸಿದರು. ಮಳೆ ಕೈಕೊಟ್ಟು ಬಂದ ಕ್ಷಾಮವಲ್ಲ ಅದು, ಮನುಷ್ಯರು ತಂದದ್ದು.

ಕ್ವೇಕರರ ಎಚ್ಚರಿಕೆ ನಿಜವಾಯಿತು. ಅನ್ನ ನ್ಯಾಯದ ಸ್ಥಾನವನ್ನು ತುಂಬಲಾರದು. ಹಾಗೆಂದು ನ್ಯಾಯ ಬರಲಿ, ಆಮೇಲೆ ಉಣಿಸೋಣವೆಂದು ಮಗುವಿನ ಮುಂದೆ ಹೇಳಬಲ್ಲವರು ಯಾರು? ಅವರು ಎಚ್ಚರಿಸಿದರು, ಎಚ್ಚರಿಸುತ್ತಲೇ, ತಾವಿದ್ದ ಕೊನೆಯ ದಿನದವರೆಗೂ ಹಿಟ್ಟನ್ನು ಅಳೆದು ಕೊಟ್ಟರು. ಒಂಬತ್ತು ತಿಂಗಳೆಂದು ಆರಂಭವಾದ ಆ ಅಳತೆ ಇನ್ನೂ ಮುಗಿದಿಲ್ಲ.