ತಾಳಿ ಕಟ್ಟಿಸಿಕೊಂಡ ಗಿಡಗಳು

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ಸೈಟುಗಳೆಲ್ಲ ಅಳೆದು ಕತ್ತರಿಸಿದ ಚೌಕಗಳು. ಹೊಸಹಳ್ಳಿ, ಸಾಣೇಗುರುವನಹಳ್ಳಿಯಂಥ ಹಳೇ ಊರುಗಳ ಜಾಗಕ್ಕೆ ಬಂದರೆ ಮಾತ್ರ ರಸ್ತೆ ಅಲ್ಲಲ್ಲಿ ಅರಳಿಕಟ್ಟೆಯನ್ನು ಬಳಸಿ ಡೊಂಕಾಗುತ್ತದೆ. ಅರಳಿಕಟ್ಟೆಯ ಮೇಲೆ ಕೊಡಲಿ ಹಾಕುವ ಧೈರ್ಯ ಎಂಥ ಗುತ್ತಿಗೆದಾರನಿಗೂ ಸುಲಭಕ್ಕೆ ಬರುವುದಿಲ್ಲ. ಯಾಕೆಂದರೆ ಅಲ್ಲಿರುವುದು ಗೃಹಸ್ಥ ಮರ. ಪಕ್ಕದಲ್ಲೇ ಬೇವು ನೆಟ್ಟು, ಎರಡೂ ಪ್ರಾಯಕ್ಕೆ ಬಂದ ಮೇಲೆ ಓಲಗ ಊದಿಸಿ, ಊರಿಗೆಲ್ಲ ಊಟ ಹಾಕಿ ಮದುವೆ ಮಾಡಿಸಿದ ಜೋಡಿ ಅದು.

ಗಿಡದ ಮದುವೆಗಳೆಲ್ಲ ಇಷ್ಟು ಸುಖದವಲ್ಲ. ಮೂರನೆಯ ಮದುವೆ ಕೇಡು ಎಂದು ನಂಬಿದ ಗಂಡಸು ಮೂರನೆಯವಳಾಗಿ ಎಕ್ಕದ ಗಿಡದ ಕೈಹಿಡಿದು, ಬಂದ ಹೆಣ್ಣನ್ನು ನಾಲ್ಕನೆಯವಳೆಂದು ಲೆಕ್ಕ ತೋರಿಸುತ್ತಿದ್ದ. ಅದು ಅರ್ಕವಿವಾಹ. ಕುಜದೋಷದ ಹುಡುಗಿಗೆ ಮೊದಲು ಬಾಳೆಗಿಡದೊಂದಿಗೆ ಧಾರೆಯೆರೆದು, ಆಮೇಲೆ ಬಾಳೆಯನ್ನು ಕಡಿದುಹಾಕುವುದು ಇವತ್ತಿಗೂ ನಡೆಯುತ್ತದೆ. ಮನುಷ್ಯರ ತಲೆಗೆ ಬರುವ ಕೇಡನ್ನು ಗಿಡದ ತಲೆಗೆ ಕಟ್ಟುವ ಉಪಾಯ. ಗಿಡದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನನಗೆ ಈ ಸಂಪ್ರದಾಯಕ್ಕೆ ಒಪ್ಪುವ ಜವಾಬು ಸಿಕ್ಕಿದ್ದು ಹೂಮರವಾಗುವ ಹುಡುಗಿಯ ಜನಪದ ಕತೆಯಲ್ಲಿ. ಕೂಲಿ ಮಾಡಿ ಸೊರಗಿದ ತಾಯಿಗೆ ನಾಲ್ಕು ಕಾಸು ಸೇರಿಸಲೆಂದು ಹುಡುಗಿ ಮರವಾಗುತ್ತಾಳೆ. ಅದಕ್ಕೆ ನೇಮವಿದೆ: ಎರಡು ಕೊಡ ನೀರು, ಉಗುರು ಸೋಕದಂತೆ ತಂದಿರಬೇಕು. ಒಂದು ಕೊಡ ಸುರಿದರೆ ಮರ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸಬಹುದು, ಚಿಗುರು ಚಿವುಟಬಾರದು, ಟೊಂಗೆ ಮುರಿಯಬಾರದು. ಅವಳ ಅಕ್ಕ ಹೂ ಬಿಡಿಸುವಾಗ ಎಲ್ಲವೂ ಸರಿಯಾಗಿತ್ತು. ಮುಂದೆ ರಾಜಕುಮಾರ ಅವಳನ್ನು ಮದುವೆಯಾದ, ರಾತ್ರಿ ರಾತ್ರಿ ಹಾಸಿಗೆಗೆ ಹೂ ಬೇಕೆಂದ. ಆಮೇಲೆ ನಾದಿನಿ ತೋಟಕ್ಕೆ ಕರೆದೊಯ್ದು, ಗೆಳತಿಯರೊಂದಿಗೆ ಟೊಂಗೆ ಮುರಿದು, ನೀರನ್ನು ಅರೆಬರೆ ಎರಚಿ ಹೊರಟುಹೋದಳು. ಉಳಿದದ್ದು ಕೈಕಾಲಿಲ್ಲದ ಒಂದು ಮುಂಡ. ಗಿಡದ ತಲೆಗೆ ಕಟ್ಟಿದ ಕೇಡು ಇಲ್ಲಿ ಹುಡುಗಿಯ ಮೈಗೇ ಬಂತು. ಕೊನೆಗೆ ಗಂಡನೇ ಮುರಿದ ಟೊಂಗೆಗಳನ್ನು ಜೋಡಿಸಿ ನೀರು ಸುರಿಯಬೇಕಾಯಿತು. ಹೆಂಗಸರು ಹೆಂಗಸರಿಗೆ ಹೇಳಿಕೊಂಡು ಬಂದ ಕತೆ ಇದು, ಮರದ ಮಾತು ಬರೀ ನೆಪ. ಅತ್ತೆಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ ಇದರಲ್ಲಿ ಹೇಳಿಬಿಟ್ಟಿದ್ದಾರೆ.

ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರ ಬಾಯಿಂದ ಇದನ್ನು ಬರೆದುಕೊಂಡರು. ನಾಟಕಕಾರ ಗಿರೀಶ ಕಾರ್ನಾಡರು 1992ರಲ್ಲಿ ಇದನ್ನೇ ಆಧರಿಸಿ ‘ಚೆಲುವಿ’ ಎಂಬ ಹಿಂದಿ ಸಿನಿಮಾ ಮಾಡಿದರು. ರಾಮಾನುಜನ್ ತೀರಿಕೊಂಡ ಮೇಲೆ, 1997ರಲ್ಲಿ, ಇದೇ ಕತೆಯ ಹೆಸರು ಹೊತ್ತ ಅವರ ಸಂಗ್ರಹ ಬಂತು. 2006ರಲ್ಲಿ ಜಾನ್ ಆಡಮ್ಸ್ ಎಂಬ ಅಮೆರಿಕದ ಸಂಗೀತಗಾರ ಇದನ್ನೇ ಒಪೆರಾ ಮಾಡಿ ವಿಯೆನ್ನಾದಲ್ಲಿ ಹಾಡಿಸಿದ. ಹಿತ್ತಿಲ ಕತೆ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಮಾಯದ ಗಿಡ ಎಂದರೆ ಸಾಕು, ಮೊಮ್ಮಕ್ಕಳು ಹ್ಯಾರಿ ಪಾಟರ್‌ನ ಮಾಂಡ್ರೇಕ್ ಬೇರಿನ ಬಗ್ಗೆ ಬಾಯಿತುಂಬ ಹೇಳುತ್ತಾರೆ. ಕಿತ್ತರೆ ಕಿರುಚುವ ಬೇರು; ಯುರೋಪಿನ ಹಳೆಯ ನಂಬಿಕೆ. ನಮ್ಮಲ್ಲೂ ಮಾಯದ ಬೇರಿಗೆ ಬರವಿಲ್ಲ. ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ಗಂಡನನ್ನು ಒಲಿಸಿಕೊಳ್ಳಲೆಂದು ಮುದುಕಿ ಕುರುಡವ್ವ ಕೊಟ್ಟ ಬೇರನ್ನು ತೇಯ್ದು ಸಾರಿಗೆ ಹಾಕಿದರೆ ಸಾರು ರಕ್ತದಂತೆ ಕೆಂಪಾಗುತ್ತದೆ, ಹೆದರಿದ ಹೆಂಡತಿ ರಾಣಿ ಹುತ್ತಕ್ಕೆ ಸುರಿಯುತ್ತಾಳೆ, ಅಲ್ಲಿನ ಹಾವು ಅವಳಿಗೆ ಮರುಳಾಗುತ್ತದೆ. ನನಗೆ ಇದಕ್ಕಿಂತ ಮೆಚ್ಚು ಚಂದ್ರಶೇಖರ ಕಂಬಾರರು 1972ರಲ್ಲಿ ಕೊಟ್ಟ ‘ಜೋಕುಮಾರಸ್ವಾಮಿ’. ಆ ನಾಟಕದಲ್ಲಿ ಮಾಯದ ಗಿಡ ಯಾವುದು? ಪಡವಲಕಾಯಿ! ಸಂತೆಯಲ್ಲಿ ಸಿಗುವ ಪಡವಲಕಾಯಿ. ಬಸುರಾಗಬೇಕೆಂದು ಗೌಡತಿ ಗಂಡನಿಗಾಗಿ ಪಲ್ಯ ಮಾಡಿದರೆ, ಅದನ್ನು ಉಣ್ಣುವವನು ಗೌಡನ ಎದುರಾಳಿ ಬಸಣ್ಣ. ಇದರ ಹಿಂದಿರುವುದು ಉತ್ತರ ಕರ್ನಾಟಕದ ಆಚರಣೆ: ಭಾದ್ರಪದದಲ್ಲಿ ಫಲದ ದೇವರು ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬೇವಿನೆಲೆಯ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಮೆತ್ತಿ, ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಬೇರೆಯವರ ಮಾಯದ ಗಿಡ ದುರ್ಗಮ ಕಾಡಿನಲ್ಲಿದ್ದರೆ, ನಮ್ಮದು ಬೇಲಿಯ ಮೇಲೆ ಹಬ್ಬಿರುತ್ತದೆ. ಬೇಕಾದದ್ದು ನೇಮ ಮಾತ್ರ.

ಟೊಂಗೆ ಮುರಿಯಬಾರದೆಂಬ ಆ ನೇಮ ಈಗ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಕೆಂಗೇರಿಯಾಚೆ, ರಾಮೋಹಳ್ಳಿ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ. ವಯಸ್ಸು 400 ವರ್ಷ ಎನ್ನುತ್ತಾರೆ, ಹರಡಿರುವುದು ಸುಮಾರು 3 ಎಕರೆ. ಅದರ ಮೂಲ ಕಾಂಡ ರೋಗ ಬಂದು ಹಿಂದೆಯೇ ಹೋಯಿತು. ಈಗ ನಿಂತಿರುವುದು ಬಿಳಲುಗಳ ಬಲದ ಮೇಲೆ. ಇವತ್ತು ದಾರದಂತೆ ತೂಗುವ ಎಳೆ ಬಿಳಲು ನೆಲಕ್ಕಿಳಿದರೆ ಅದೇ ನಾಳಿನ ಕಾಂಡ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಹುಡುಗಿಯ ಕತೆಯನ್ನೂ ಹೇಳಿ. ಬಿಳಲಿಗೆ ಜೋತುಬಿದ್ದು ಉಯ್ಯಾಲೆಯಾಡಲು ಮಾತ್ರ ಬಿಡಬೇಡಿ.