ಸರಳ ದ್ರವಸ್ಫಟಿಕ ಪ್ರದರ್ಶಕಗಳಲ್ಲಿ ವಿದ್ಯುತ್ ಮಿತವ್ಯಯದ ಇತಿಹಾಸ

ಕೈಗಡಿಯಾರ, ಕ್ಯಾಲ್ಕುಲೇಟರ್, ವಿದ್ಯುತ್ ಮೀಟರುಗಳಲ್ಲಿ ಅಂಕಿಗಳನ್ನು ತೋರಿಸುವ ಸರಳ ದ್ರವಸ್ಫಟಿಕ ಪ್ರದರ್ಶಕವು (ಎಲ್‌ಸಿಡಿ) ತಾನೇ ಬೆಳಕು ಸೂಸದೆ, ಹೊರಗಿನ ಬೆಳಕನ್ನು ತಡೆದು ಇಲ್ಲವೆ ಹಾಯಿಸಿ ಬಿಂಬ ಮೂಡಿಸುವುದರಿಂದ ಅತ್ಯಲ್ಪ ವಿದ್ಯುತ್ತಿನಲ್ಲಿ ನಡೆಯುತ್ತದೆ. ಆದರೆ ಈ ಮಿತವ್ಯಯ ಅದಕ್ಕೆ ಹಂತಹಂತವಾಗಿ ಒದಗಿದ ಗುಣ.

1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್‌ಮೈಯರ್ ತಂಡ ಪ್ರಕಟಿಸಿದ ವಿಧಾನದಲ್ಲಿ, ದ್ರವದೊಳಗೆ ಅಯಾನುಗಳು ಹರಿದು ಎಬ್ಬಿಸುವ ಕ್ಷೋಭೆಯೇ ಬೆಳಕನ್ನು ಚದುರಿಸಬೇಕಾಗಿದ್ದುದರಿಂದ ಹೆಚ್ಚಿನ ವೋಲ್ಟೇಜೂ ನಿರಂತರ ಪ್ರವಾಹವೂ ಅಗತ್ಯವಾಗಿದ್ದವು. ಹಾಗಿದ್ದರೂ 1973ರಲ್ಲಿ ಶಾರ್ಪ್ ಸಂಸ್ಥೆ ಇದೇ ವಿಧಾನವನ್ನು ಮಿತವ್ಯಯದ ಸಿಮಾಸ್ ಮಂಡಲಗಳೊಂದಿಗೆ ಕೂಡಿಸಿದ್ದರಿಂದ, ಅದರ ಇಎಲ್-805 ಕ್ಯಾಲ್ಕುಲೇಟರ್ ಒಂದೇ ಎಎ ಬ್ಯಾಟರಿಯಲ್ಲಿ ಸುಮಾರು 100 ಗಂಟೆ ನಡೆಯಿತು.

ನಿರ್ಣಾಯಕ ತಿರುವು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಒದಗಿತು. ಅಲ್ಲಿನ ಹಾಫ್‌ಮನ್-ಲಾ ರೋಶ್ ಸಂಸ್ಥೆಯ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಕ್ 1970ರ ಡಿಸೆಂಬರ್‌ನಲ್ಲಿ ಪೇಟೆಂಟಿಗೆ ಸಲ್ಲಿಸಿದ ತಿರುಚಿದ ನೆಮ್ಯಾಟಿಕ್ ಕೋಶದಲ್ಲಿ, ಎರಡು ಗಾಜುಗಳ ನಡುವೆ 90 ಡಿಗ್ರಿ ತಿರುಚಿ ನಿಂತ ಅಣುಗಳು ಧ್ರುವೀಕೃತ ಬೆಳಕಿನ ದಿಕ್ಕನ್ನು ತಿರುಗಿಸುತ್ತವೆ. ವಿದ್ಯುತ್ ಕ್ಷೇತ್ರ ತಗುಲಿದೊಡನೆ ಅಣುಗಳು ಕ್ಷೇತ್ರದ ದಿಕ್ಕಿಗೆ ಹೊರಳಿ ಆ ತಿರುಚು ಅಳಿಯುತ್ತದೆ. ಇಲ್ಲಿ ಕೆಲಸ ಮಾಡುವುದು ಕ್ಷೇತ್ರವೇ ಹೊರತು ಪ್ರವಾಹವಲ್ಲವಾದ್ದರಿಂದ ಬಳಕೆ ಮೈಕ್ರೋವ್ಯಾಟುಗಳ ಮಟ್ಟಕ್ಕೆ ಇಳಿಯಿತು. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದ ಜಾರ್ಜ್ ಗ್ರೇ ತಂಡ ಪ್ರಕಟಿಸಿದ ಸಯನೋಬೈಫಿನೈಲ್ ಸಂಯುಕ್ತಗಳು, ಕೋಣೆಯ ಉಷ್ಣತೆಯಲ್ಲೂ ಸ್ಥಿರವಾಗಿದ್ದು ಕೆಲವೇ ವೋಲ್ಟುಗಳಿಗೆ ಸ್ಪಂದಿಸುತ್ತಿದ್ದುದರಿಂದ, ಈ ವಿಧಾನಕ್ಕೆ ಬಾಳಿಕೆಯ ದ್ರವ್ಯ ದೊರೆಯಿತು. ಗುಂಡಿ ಒತ್ತಿದಾಗ ಮಾತ್ರ ಬೆಳಗುತ್ತಿದ್ದ ಎಲ್‌ಇಡಿ ಗಡಿಯಾರಗಳಿಗೆ ಬದಲಾಗಿ ಸದಾ ವೇಳೆ ತೋರುವ ಗಡಿಯಾರಗಳು ಸಾಧ್ಯವಾದವು.

ನೇರ ವಿದ್ಯುತ್ತು ದ್ರವವನ್ನು ರಾಸಾಯನಿಕವಾಗಿ ಕೆಡಿಸುವುದರಿಂದ ಕೋಶಕ್ಕೆ ಪರ್ಯಾಯ ವೋಲ್ಟೇಜನ್ನೇ ಕೊಡಬೇಕು. ಆಗ ಕೋಶವು ಧಾರಕದಂತೆ ಮತ್ತೆಮತ್ತೆ ವಿದ್ಯುದಾವೇಶಗೊಳ್ಳುವುದರಿಂದ, ವ್ಯಯವು ಅದರ ಧಾರಕತೆ, ಆವರ್ತನ ಮತ್ತು ವೋಲ್ಟೇಜಿನ ವರ್ಗ ಇವುಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನು ಅರ್ಧಕ್ಕಿಳಿಸಿದರೆ ವ್ಯಯ ಕಾಲು ಭಾಗಕ್ಕೆ ಇಳಿಯುತ್ತದೆ. ಆವರ್ತನವನ್ನಾದರೋ ಬಿಂಬ ಮಿನುಗದಷ್ಟು ಮಟ್ಟಕ್ಕೆ ಮಾತ್ರ ತಗ್ಗಿಸಬಹುದು. ಸಾಲು ಮತ್ತು ಕಂಬಗಳ ಜಾಲದಿಂದ ಬಿಂಬ ಮೂಡಿಸುವ ಪ್ರದರ್ಶಕಗಳಲ್ಲಿ ಸಾಲುಗಳು ಹೆಚ್ಚಿದಷ್ಟೂ ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಒಮ್ಮೆಗೆ ಒಂದೇ ಸಾಲಿನ ಬದಲು ಹಲವು ಸಾಲುಗಳನ್ನು ಆಯ್ದು ಈ ಬೇಡಿಕೆಯನ್ನು ತಗ್ಗಿಸುವ ವಿಧಾನಗಳನ್ನು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಟಿ. ಎನ್. ರುಕ್ಮಾಂಗದನ್ 1980ರ ದಶಕದಲ್ಲಿ ರೂಪಿಸಿದರು.

ಹಿಂಬದಿ ದೀಪವನ್ನು ಅಳವಡಿಸಿದ ಪ್ರದರ್ಶಕಗಳಲ್ಲಿ ದ್ರವಸ್ಫಟಿಕಕ್ಕಿಂತ ದೀಪಕ್ಕೇ ಹೆಚ್ಚು ವಿದ್ಯುತ್ ವ್ಯಯವಾಗುತ್ತದೆ. ಆದ್ದರಿಂದ ಸುತ್ತಲಿನ ಬೆಳಕನ್ನೇ ಪ್ರತಿಫಲಿಸುವ ಪ್ರದರ್ಶಕಗಳು, ಅವುಗಳಲ್ಲೂ ವಿದ್ಯುತ್ ನಿಂತ ಮೇಲೂ ಬಿಂಬವನ್ನು ಉಳಿಸಿಕೊಳ್ಳುವ ದ್ವಿಸ್ಥಿರ ಬಗೆಯವು, ಈ ವರ್ಗದಲ್ಲಿ ಅತಿ ಮಿತವ್ಯಯದವಾಗಿವೆ.