ಗಿಂಡಿಯ ಕೋತಿ ಮತ್ತು ವೀರ್ಯಾಣುವಿನ ಕಥೆ

ಗಿಂಡಿಯಲ್ಲಿ ಜಿಂಕೆ ನೋಡಲು ಹೋದ ಮಕ್ಕಳ ಕೈಯಿಂದ ಕಡಲೆಕಾಯಿ ಕಸಿಯುವ, ತಲೆಗೆ ಟೋಪಿ ಇಟ್ಟಂತೆ ಕೂದಲಿರುವ ಕೋತಿ ಉಂಟಲ್ಲ, ನಮ್ಮೂರ ದೇವಸ್ಥಾನಗಳ ಕೋತಿಯೂ ಅದೇ ಜಾತಿ. ಗಂಡಸಿನಲ್ಲಿ ವೀರ್ಯಾಣು ಏಕೆ ಹುಟ್ಟದೆ ಹೋಗುತ್ತದೆಂಬ ಅರಿವಿನ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ.

ಮಕ್ಕಳಾಗದ ಮನೆಯಲ್ಲಿ ಬೆರಳು ತಿರುಗುವುದು ಸೊಸೆಯ ಕಡೆಗೆ. 'ಬಂಜೆ' ಎಂಬ ಮಾತು ಎಲ್ಲರ ಬಾಯಲ್ಲೂ ಉಂಟು. ಗಂಡಸಿಗೆ ಅಂಥ ಬಳಕೆಯ ಮಾತಿಲ್ಲ. 'ಷಂಡ' ಎಂಬುದರ ಅರ್ಥವೇ ಬೇರೆ. ಹಿಂದಿನವರಿಗೆ ತಿಳಿಯದ್ದೇನಲ್ಲ, ವಿಚಿತ್ರವೀರ್ಯನ ವಂಶ ಮುಂದುವರಿದದ್ದು ವ್ಯಾಸರಿಂದ. ಹಾಲೆಂಡಿನ ಲೇವನ್‌ಹುಕ್ 1677ರಲ್ಲೇ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳನ್ನು ಕಂಡಿದ್ದ. ಆದರೂ ಹರಕೆ, ವ್ರತ, ಔಷಧಿ ಎಲ್ಲವೂ ಹೆಂಗಸಿಗೇ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು 1980-90ರ ದಶಕಗಳಲ್ಲಿ ಈ ಕೋತಿಗಳ ಮೇಲೆ ಪ್ರಯೋಗ ನಡೆಸಿದರು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಲಸಿಕೆಯಿಂದ ತಡೆದಾಗ ವೀರ್ಯಾಣುಗಳ ಸಂಖ್ಯೆ ಕುಸಿಯಿತು; ಗಂಡು ಹಾರ್ಮೋನು ಮಾತ್ರ ಕುಗ್ಗಲಿಲ್ಲ. ಅವರು ಹುಡುಕುತ್ತಿದ್ದುದು ಸಂತಾನ ನಿಯಂತ್ರಣದ ದಾರಿಯನ್ನು. ಆದರೆ ಗಂಡಸುತನ ಬೇರೆ, ವೀರ್ಯಾಣುವಿನ ಉತ್ಪತ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಮೀಸೆ, ದನಿ, ದೇಹಬಲ ನೋಡಿ "ನಮ್ಮ ಹುಡುಗನಿಗೆ ಏನೂ ದೋಷವಿಲ್ಲ" ಎನ್ನುವ ಹಿರಿಯರು ಇದನ್ನು ತಿಳಿಯಬೇಕು.

ಇನ್ನು ಗಿಂಡಿಗೆ ಸಮೀಪದ ತರಮಣಿಯಲ್ಲಿ, ಮದ್ರಾಸು ವಿಶ್ವವಿದ್ಯಾನಿಲಯದ ಅರುಳ್‌ದಾಸ್ ಮೊದಲಾದವರು ಇದೇ ಜಾತಿಯ ಕೋತಿಗಳಿಗೆ ಆರು ತಿಂಗಳು ಕ್ರೋಮಿಯಂ ಬೆರೆತ ನೀರು ಕುಡಿಸಿ, ವೃಷಣಕ್ಕಾದ ಹಾನಿಯನ್ನು 2005ರಲ್ಲಿ ಪ್ರಕಟಿಸಿದರು. ಚರ್ಮ ಹದ ಮಾಡುವ ಕಾರ್ಖಾನೆಗಳ ನಾಡಿನಲ್ಲಿ ಇದು ಸಣ್ಣ ಸುದ್ದಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ಡಿಬಿಸಿಪಿ ಎಂಬ ಕೀಟನಾಶಕದ ಕಾರ್ಖಾನೆಯ ಕೆಲಸಗಾರರು ತಮಗೆ ಮಕ್ಕಳಾಗದ್ದನ್ನು ಪರಸ್ಪರ ಹೇಳಿಕೊಂಡ ಮೇಲೆಯೇ ಪರೀಕ್ಷೆ ನಡೆದು ಸತ್ಯ ಹೊರಬಿದ್ದದ್ದು.

ವೀರ್ಯಾಣು ಪಕ್ವವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಹದಿನೈದು ದಿನದ ಲೇಹ್ಯದಿಂದ ಫಲ ಕೇಳುವುದು ವ್ಯರ್ಥ. ಪಿಟ್ಯುಟರಿಯ ಕೊರತೆಯಾದರೆ ಹಾರ್ಮೋನು ಚುಚ್ಚುಮದ್ದು, ವೃಷಣದ ರಕ್ತನಾಳ ಉಬ್ಬಿದ್ದರೆ ಕೆಲವರಿಗೆ ಶಸ್ತ್ರಚಿಕಿತ್ಸೆ ಫಲಿಸುತ್ತದೆ. ದೇಹ ಬೆಳೆಸಲು ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಳ್ಳುವ ತರುಣರಲ್ಲಿ ಉತ್ಪತ್ತಿ ನಿಂತೇ ಹೋಗಬಹುದು. ಇದ್ದಬದ್ದ ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನದಿಂದ ಬೆಲ್ಜಿಯಂನಲ್ಲಿ ಮೊದಲ ಮಗು ಹುಟ್ಟಿದ್ದು 1992ರಲ್ಲಿ. ಇಂದು ಅದು ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ನಡೆಯುತ್ತದೆ, ಖರ್ಚು ಮಾತ್ರ ಹೆಚ್ಚು.